ಬಿಸಿ ಪೀಸು, ತಣ್ಣನೆ ಪೀಸು

ಕಾರ್ಖಾನೆಗೆ ಸೇರಿದ ಹೊಸತರಲ್ಲಿ ನನಗೆ ಕೊಟ್ಟ ಮೊದಲ ಕೆಲಸ ಒಂದು ಫಾರ್ಮ್ ತುಂಬುವುದು. ರಿಜೆಕ್ಷನ್ ರಿಪೋರ್ಟ್, ಅಂದರೆ ಕೆಟ್ಟು ತಿರಸ್ಕಾರವಾದ ಪೀಸುಗಳ ಲೆಕ್ಕ. ಯಾವ ಪೀಸು, ಎಷ್ಟು ಪೀಸು, ಯಾವ ಮೆಷಿನ್, ಯಾವ ಶಿಫ್ಟ್. ಕೊನೆಗೆ ಎರಡು ಖಾನೆ: 'ಕಾರಣ', 'ಜವಾಬ್ದಾರಿ'. ಮೊದಲಿನವು ಸುಲಭ, ಎಣಿಸಿ ಬರೆದರೆ ಆಯಿತು. ಕಾರಣದ ಖಾನೆಯೂ ಸುಲಭವೇ ಅಂತ ಮೂರೇ ದಿನದಲ್ಲಿ ಗೊತ್ತಾಯಿತು. ಎಲ್ಲರೂ ಅಲ್ಲಿ ಬರೆಯುತ್ತಿದ್ದದ್ದು ಒಂದೇ: 'ಆಪರೇಟರ್ ನಿರ್ಲಕ್ಷ್ಯ'. ಪಕ್ಕದಲ್ಲಿ ಆ ಶಿಫ್ಟ್‌ನಲ್ಲಿ ಇದ್ದವರ ಹೆಸರು. ಕೆಳಗೆ ನಮ್ಮ ಸಹಿ.

ನಾನೂ ಹಾಗೇ ಬರೆದೆ. ಆಗ ಅದು ತಪ್ಪು ಅನಿಸಿರಲಿಲ್ಲ. ಡ್ರಾಯಿಂಗ್ ಸರಿ ಇದೆ, ಮೆಷಿನ್ ಓಡುತ್ತಿದೆ, ಪ್ರೋಗ್ರಾಂ ನಿನ್ನೆಯದೇ. ಹಾಗಾದರೆ ಉಳಿದದ್ದು ಯಾರು? ಮೆಷಿನ್ ಮುಂದೆ ನಿಂತ ಮನುಷ್ಯ. ತಿಂಗಳ ಕೊನೆಗೆ ಆ ಫಾರ್ಮ್‌ಗಳನ್ನೆಲ್ಲ ಕೂಡಿಸಿ ಬಣ್ಣದ ಚಾರ್ಟ್ ಮಾಡುತ್ತಿದ್ದೆವು. ಅದರಲ್ಲಿ ದೊಡ್ಡ ಪಾಲು 'ನಿರ್ಲಕ್ಷ್ಯ'ದ್ದೇ. ಅದಕ್ಕೆ ನಾವು ಬರೆಯುತ್ತಿದ್ದ ಪರಿಹಾರ, 'ಆಪರೇಟರ್‌ಗೆ ತಿಳಿಹೇಳಲಾಗಿದೆ'. ಮುಂದಿನ ತಿಂಗಳೂ ಅದೇ ಚಾರ್ಟ್, ಅದೇ ಪರಿಹಾರ. ಇದರಲ್ಲಿ ಏನೋ ಎಡವಟ್ಟಿದೆ ಅಂತ ಹೊಳೆಯಲು ನನಗೆ ವರ್ಷವೇ ಬೇಕಾಯಿತು. ಅದೂ ತಾನಾಗಿ ಹೊಳೆದದ್ದಲ್ಲ. ಒಂದು ಬೇರಿಂಗ್ ಹೌಸಿಂಗ್ ಹೊಳೆಸಿತು.

ಅಲ್ಯೂಮಿನಿಯಂ ಹೌಸಿಂಗ್. ನಡುವೆ 62 ಮಿಲಿಮೀಟರಿನ ಬೋರ್, ಅಂದರೆ ದುಂಡನೆಯ ತೂತು. ಅದರಲ್ಲಿ ಬೇರಿಂಗ್ ಕೂರಬೇಕು. ಟಾಲರೆನ್ಸ್ ಎಚ್7. ಅಂದರೆ ಬೋರ್ 62.000ಕ್ಕಿಂತ ಚಿಕ್ಕದಾಗಬಾರದು, 62.030ಕ್ಕಿಂತ ದೊಡ್ಡದಾಗಬಾರದು. ಒಟ್ಟು 30 ಮೈಕ್ರಾನ್ ಜಾಗ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತಲೆಕೂದಲಿನ ದಪ್ಪವೇ ಇದಕ್ಕಿಂತ ಜಾಸ್ತಿ. ಆದರೂ ಕಂಪ್ಯೂಟರ್ ನಡೆಸುವ ಒಳ್ಳೆಯ ಸಿಎನ್‌ಸಿ ಮೆಷಿನ್‌ಗೆ ಇದೇನು ಕಷ್ಟದ ಕೆಲಸವಲ್ಲ.

ಒಂದು ದಿನ ಅಸೆಂಬ್ಲಿಯಿಂದ ದೂರು ಬಂತು. ಬೇರಿಂಗ್ ಒಳಗೆ ಹೋಗುತ್ತಿಲ್ಲ. ಪೀಸುಗಳನ್ನು ಇನ್ಸ್‌ಪೆಕ್ಷನ್ ರೂಮಿಗೆ ತರಿಸಿ ನೋಡಿದೆ. 61.995, 61.997, 61.994. ಎಲ್ಲವೂ ಚಿಕ್ಕವು. ಆಪರೇಟರ್ ಬರೆದಿಟ್ಟ ಶೀಟ್ ತೆಗೆದೆ. 62.009, 62.011, 62.008. ಎಲ್ಲವೂ ಸರಿ. ನನಗೆ ಆಗ ಒಂದೇ ಉತ್ತರ ಕಂಡದ್ದು. ಈತ ಅಳೆಯುತ್ತಲೇ ಇಲ್ಲ, ಸುಮ್ನೆ ನಂಬರ್ ಬರೆಯುತ್ತಿದ್ದಾರೆ. ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಆ ಮಾತನ್ನು ಅವರ ಮುಖಕ್ಕೇ ಹೇಳಿದೆ, ನಾಲ್ಕು ಜನರ ಎದುರು. ಇವತ್ತಿಗೂ ಅದನ್ನು ನೆನೆದರೆ ಮುಜುಗರವಾಗುತ್ತದೆ.

ಅವರು ಜಗಳ ಆಡಲಿಲ್ಲ. "ಬನ್ನಿ ಸಾರ್, ನೀವೇ ಅಳೀರಿ" ಅಂದರು. ಮೆಷಿನ್ ಬಾಗಿಲು ತೆರೆದು ಆಗಷ್ಟೇ ಆದ ಪೀಸನ್ನು ಕೈಗಿಟ್ಟರು. ಬೋರ್ ಗೇಜ್ ಹಾಕಿದೆ. 62.009. ಅದೇ ಪೀಸನ್ನು ಇನ್ಸ್‌ಪೆಕ್ಷನ್ ರೂಮಿಗೆ ಒಯ್ದು ಗ್ರಾನೈಟ್ ಟೇಬಲ್ ಮೇಲಿಟ್ಟೆ. ಬೇರೆ ಕೆಲಸ ಬಂತು, ಮುಗಿಸಿ ಬರುವಷ್ಟರಲ್ಲಿ ಒಂದು ಗಂಟೆ. ಮತ್ತೆ ಅಳೆದೆ. 61.995. ಗೇಜ್ ಕೆಟ್ಟಿರಬೇಕು ಅಂತ ನಿಖರ ಅಳತೆಯ ಮಾಸ್ಟರ್ ರಿಂಗ್ ಹಾಕಿ ನೋಡಿದೆ. ಅವರ ಗೇಜೂ ಸರಿ, ನನ್ನದೂ ಸರಿ.

ಆಗ ನೆನಪಾಯಿತು. ಅವರು ಕೈಗಿಟ್ಟಾಗ ಪೀಸು ಬೆಚ್ಚಗಿತ್ತು.

ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾದರೆ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. 62 ಮಿಲಿಮೀಟರಿಗೆ ಲೆಕ್ಕ ಹಾಕಿದರೆ ಡಿಗ್ರಿಗೆ 1.4 ಮೈಕ್ರಾನ್. ಪೀಸು ಹತ್ತು ಡಿಗ್ರಿ ಬಿಸಿ ಇದ್ದರೆ ಬೋರ್ 14 ಮೈಕ್ರಾನ್ ದೊಡ್ಡದು. ನಮ್ಮ 30 ಮೈಕ್ರಾನ್ ಜಾಗದಲ್ಲಿ ಹೆಚ್ಚುಕಡಿಮೆ ಅರ್ಧ ಇಲ್ಲೇ ಹೋಯಿತು. ಸ್ಟೀಲ್ ಆಗಿದ್ದರೆ ಇದರ ಅರ್ಧ ಹಿಗ್ಗುತ್ತಿತ್ತು, ಬಹುಶಃ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಡ್ರಾಯಿಂಗ್‌ನಲ್ಲಿ ಅಳತೆ ಬರೆದಾಗ ಅದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕಾದ ಅಳತೆ ಅಂತಲೇ ಅರ್ಥ. 1931ರಲ್ಲೇ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಮಿತಿ ಇದನ್ನು ಒಪ್ಪಿಕೊಂಡಿದೆ. ನಾನು ಇದನ್ನು ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕೈಯಲ್ಲಿ ಬಿಸಿ ಪೀಸು ಹಿಡಿದಾಗ ಮಾತ್ರ ನೆನಪಾಗಲಿಲ್ಲ.

ಆಪರೇಟರ್‌ಗೆ ಅದು ಗೊತ್ತಿತ್ತು! "ಬಿಸಿ ಇದ್ದಾಗ ದೊಡ್ಡದು ತೋರಿಸುತ್ತೆ ಅಲ್ವಾ ಸಾರ್. ಹೇಳಿದ್ದೆ ಒಂದ್ಸಲ" ಅಂದರು. ಯಾರಿಗೆ ಹೇಳಿದ್ದು? ಹಿಂದಿನ ಸೂಪರ್‌ವೈಸರ್‌ಗೆ. ಅವರು ಏನಂದರು? "ಮೊದಲು ದಿನದ ಪೀಸಿನ ನಂಬರ್ ಮುಟ್ಟಿಸಿ ಅಂದ್ರು." ನಾಲ್ಕು ನಿಮಿಷಕ್ಕೊಂದು ಪೀಸು ಹೊರಗೆ ಬರುತ್ತಿತ್ತು. ಅಳೆದು, ಬರೆದು, ಅಂಚಿನ ಚೂಪು ಬರ್ ತೆಗೆದು, ಟ್ರೇಗೆ ಹಾಕುವಷ್ಟರಲ್ಲಿ ಮುಂದಿನದು ತಯಾರು. ತಣ್ಣಗಾಗಲು ಇಡೋಣ ಅಂದರೆ ಇಡುವುದಕ್ಕೆ ಜಾಗವೂ ಇರಲಿಲ್ಲ.

ಕೊನೆಗೆ ನಾವು ಮಾಡಿದ್ದು ತೀರಾ ಸಣ್ಣದು. ಹನ್ನೆರಡು ಗೂಡಿನ ಒಂದು ಸ್ಟ್ಯಾಂಡ್. ಪೀಸನ್ನು ಹೊರಗೆ ತೆಗೆದ ಕೂಡಲೇ ಒಮ್ಮೆ ಅಳೆಯುವುದು, ಗೂಡಿಗೆ ಇಡುವುದು, ಹನ್ನೆರಡು ಪೀಸು ದಾಟಿದ ಮೇಲೆ ಅದನ್ನು ತೆಗೆದು ಇನ್ನೊಮ್ಮೆ ಅಳೆಯುವುದು. ತಣ್ಣಗಾದ ಮೇಲೆ ಮಾತ್ರ ಅಳೆದರೆ ಸಾಲದು. ಟೂಲ್ ಮುರಿದರೆ ಅದು ಗೊತ್ತಾಗುವಷ್ಟರಲ್ಲಿ ಹನ್ನೆರಡು ಪೀಸು ಕೆಟ್ಟಿರುತ್ತದೆ. ಹಾಗಾಗಿ ಎರಡೂ ಬೇಕು. ತಣ್ಣಗಾದ ಮೇಲೆ 62.015 ಬರಬೇಕಾದರೆ ಬಿಸಿಯಲ್ಲಿ 62.029 ಕಾಣಬೇಕು. ಗೇಜ್ ಮುಳ್ಳು ಮಿತಿಯ ಅಂಚಿಗೆ ಹೋಗಿ ನಿಂತದ್ದನ್ನು ನೋಡಿಕೊಂಡು ಸುಮ್ಮನಿರುವುದು ಸುಲಭವಲ್ಲ. ಮೊದಲ ವಾರ ಎಲ್ಲರೂ ನನ್ನನ್ನು ಅನುಮಾನದಿಂದಲೇ ನೋಡಿದರು. ಆ ಹಿರಿಯರೊಬ್ಬರನ್ನು ಬಿಟ್ಟು.

ನಾನು ಮೊದಲು ತುಂಬಿದ್ದ ಫಾರ್ಮ್ ಅಷ್ಟರಲ್ಲಿ ಫೈಲ್ ಸೇರಿತ್ತು. ಅವರ ಹೆಸರು, 'ನಿರ್ಲಕ್ಷ್ಯ', ನನ್ನ ಸಹಿ. ಬದಲಾಯಿಸೋಣ ಅಂತ ಕೇಳಿದೆ. ತಿಂಗಳ ಲೆಕ್ಕ ಮುಗಿದಿದೆ, ಈಗ ಆಗಲ್ಲ ಅಂದರು.

ಇದಾದ ಮೇಲೆ ಹಳೆಯ ಫಾರ್ಮ್‌ಗಳನ್ನು ಬೇರೆ ಕಣ್ಣಿಂದ ಓದತೊಡಗಿದೆ. ಒಂದು ವಿಚಿತ್ರ ಕಂಡಿತು. ಎರಡನೇ ಶಿಫ್ಟ್‌ನಲ್ಲಿ ಒಬ್ಬ ಹುಡುಗನಿದ್ದ. ಬಹಳ ಶ್ರದ್ಧೆ. ಪ್ರತಿ ಪೀಸೂ ಅಳೆಯುತ್ತಿದ್ದ, ಅಳತೆ ಎರಡು ಮೈಕ್ರಾನ್ ಆಚೀಚೆ ಆದರೂ ಆಫ್‌ಸೆಟ್, ಅಂದರೆ ಟೂಲ್ ಎಲ್ಲಿ ಕತ್ತರಿಸಬೇಕು ಅನ್ನುವ ಸೆಟ್ಟಿಂಗ್, ತಿದ್ದುತ್ತಿದ್ದ. ಅವನದೇ ರಿಜೆಕ್ಷನ್ ಜಾಸ್ತಿ! ಅದೇ ಮೆಷಿನ್‌ನಲ್ಲಿ ಮೊದಲ ಶಿಫ್ಟ್‌ನವರು ಗಂಟೆಗೊಮ್ಮೆ ಅಳೆದು, ಆಫ್‌ಸೆಟ್ ಮುಟ್ಟದೆ, ಚೆನ್ನಾಗಿ ಪೀಸು ಕೊಡುತ್ತಿದ್ದರು. ಹುಡುಗನಿಗೆ ಕೈ ಪಳಗಿಲ್ಲ ಅಂತ ಎಲ್ಲರ ತೀರ್ಮಾನ.

ಹೀಗಾಗುವುದು ಯಾಕೆ ಅಂತ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಒಂದು ಆಟ ಆಡಿಸಿ ತೋರಿಸುತ್ತಿದ್ದರು. ಮೇಜಿನ ಮೇಲೆ ಒಂದು ಗುರುತು. ಅದರ ಮೇಲೆ ಸರಿಯಾಗಿ ಒಂದು ಆಲಿಕೆ. ಅದರೊಳಗಿಂದ ಗೋಲಿ ಬೀಳಿಸಿದರೆ ಗುರುತಿನ ಸುತ್ತ ಎಲ್ಲೋ ನಿಲ್ಲುತ್ತದೆ. ಆಲಿಕೆಯನ್ನು ಅಲುಗಿಸದೆ ಐವತ್ತು ಸಲ ಬೀಳಿಸಿದರೆ ಒಂದು ಗುಂಪಾಗುತ್ತದೆ. ಈಗ ಪ್ರತಿ ಸಲವೂ ಗೋಲಿ ಎಷ್ಟು ತಪ್ಪಿತೋ ಅಷ್ಟು ಆಲಿಕೆಯನ್ನು ಎದುರು ದಿಕ್ಕಿಗೆ ಸರಿಸಿ ನೋಡಿ. ಗುಂಪು ಚಿಕ್ಕದಾಗುವುದಿಲ್ಲ, ಸುಮಾರು 1.4 ಪಟ್ಟು ಅಗಲವಾಗುತ್ತದೆ. ಮೊದಲ ಗೋಲಿ ತಪ್ಪಿದ್ದು ಆಲಿಕೆಯಿಂದಲ್ಲ. ಅದು ಅಷ್ಟು ಹೊಯ್ದಾಡುವುದೇ ಅದರ ಸ್ವಭಾವ. ಅದನ್ನು ತಿದ್ದಲು ಹೋಗಿ ನಮ್ಮ ಕೈಯ ಹೊಯ್ದಾಟವನ್ನೂ ಅದಕ್ಕೆ ಸೇರಿಸುತ್ತೇವೆ.

ಹಾಗಾದರೆ ಯಾವಾಗ ಕೈ ಹಾಕಬೇಕು, ಯಾವಾಗ ಬಿಡಬೇಕು? ಇದಕ್ಕೆ ಉತ್ತರ ಬಂದೂ ನೂರು ವರ್ಷ ದಾಟಿದೆ. 1924ರ ಮೇ 16ರಂದು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ ತಮ್ಮ ಮೇಲಧಿಕಾರಿಗೆ ಒಂದು ಪುಟದ ಟಿಪ್ಪಣಿ ಬರೆದರು. ಅದರಲ್ಲಿ ಒಂದು ಚಿತ್ರ. ಅದೇ ಕಂಟ್ರೋಲ್ ಚಾರ್ಟ್. ಮೆಷಿನ್‌ನ ಮಾಮೂಲಿ ಹೊಯ್ದಾಟ ಎಷ್ಟು ಅಂತ ಅದರ ಪೀಸುಗಳಿಂದಲೇ ಲೆಕ್ಕ ಹಾಕಿ ಮೇಲೊಂದು, ಕೆಳಗೊಂದು ಗೆರೆ. ಗೆರೆಯ ಒಳಗಿದ್ದರೆ ಸುಮ್ಮನಿರಿ. ದಾಟಿದರೆ ಹೋಗಿ ಹುಡುಕಿ. ಆ ಹುಡುಗನ ಮೆಷಿನ್‌ಗೆ ಈ ಗೆರೆ ಎಳೆದುಕೊಟ್ಟೆವು. ಆಫ್‌ಸೆಟ್ ಮುಟ್ಟದೆ ಇರುವುದಕ್ಕೆ ಅವನು ಪಟ್ಟ ಪಾಡು ನೋಡಬೇಕಿತ್ತು. ಕೈ ಕಟ್ಟಿಕೊಂಡು ನಿಂತರೆ ಕೆಲಸಗಳ್ಳ ಅಂದುಕೊಂಡುಬಿಟ್ಟಾರು ಅಂತ ಅವನ ಭಯ. ಎರಡು ವಾರದಲ್ಲಿ ಅವನ ಪೀಸುಗಳೂ ಎಲ್ಲರ ಪೀಸಿನ ಹಾಗೇ ಆದವು.

ಡೆಮಿಂಗ್ ಅವರ ಇನ್ನೊಂದು ಆಟವಂತೂ ನನಗೆ ಕಪಾಳಕ್ಕೆ ಹೊಡೆದ ಹಾಗಿತ್ತು. ಒಂದು ಡಬ್ಬದಲ್ಲಿ 4000 ಮಣಿ. 800 ಕೆಂಪು, ಉಳಿದವು ಬಿಳಿ. ಐವತ್ತು ಗುಳಿ ಇರುವ ಹಲಗೆಯನ್ನು ಅದರಲ್ಲಿ ಅದ್ದಿ ತೆಗೆಯಬೇಕು. ಬಿಳಿ ಮಣಿ ಒಳ್ಳೆ ಪೀಸು, ಕೆಂಪು ರಿಜೆಕ್ಷನ್. ಸರಾಸರಿ ಹತ್ತು ಕೆಂಪು ಬಂದೇ ಬರುತ್ತವೆ. ಒಬ್ಬನಿಗೆ ಆರು, ಇನ್ನೊಬ್ಬನಿಗೆ ಹದಿನಾಲ್ಕು. ಆರು ಬಂದವನಿಗೆ ಶಹಬ್ಬಾಸ್, ಹದಿನಾಲ್ಕು ಬಂದವನಿಗೆ ಎಚ್ಚರಿಕೆ. ಮರುದಿನ ತಿರುಗುಮುರುಗು. ಮಣಿ ಯಾವ ಬಣ್ಣದ್ದು ಬರುತ್ತದೆ ಅನ್ನುವುದು ಹಲಗೆ ಹಿಡಿದವನ ಕೈಯಲ್ಲಿ ಇಲ್ಲವೇ ಇಲ್ಲ. ಒಂದು ವರ್ಷದ ನನ್ನ ಫಾರ್ಮ್‌ಗಳಲ್ಲಿ ಎಷ್ಟು ಹೆಸರು ಬರೀ ಕೆಂಪು ಮಣಿ ಬಂದದ್ದಕ್ಕೆ ಸೇರಿಕೊಂಡಿದ್ದವೋ!

ಎಲ್ಲ ತಪ್ಪೂ ವ್ಯವಸ್ಥೆಯದ್ದೇ, ಮನುಷ್ಯರು ದೇವರು ಅಂತ ನಾನು ಹೇಳುತ್ತಿಲ್ಲ. ಅಳೆಯದೆ ನಂಬರ್ ಬರೆದವರನ್ನೂ ನೋಡಿದ್ದೇನೆ. ಆದರೆ ಅವರು ಹಾಗೆ ಬರೆಯುವುದು ಯಾಕೆ ಅನ್ನುವುದೇ ನನಗೆ ಮುಂದೆ ದೊಡ್ಡ ಪ್ರಶ್ನೆಯಾಯಿತು.

ಒಮ್ಮೆ ಮೆಷಿನ್‌ಗಳನ್ನು ಜಾಗ ಬದಲಿಸುವಾಗ ಒಂದರ ಹಿಂದೆ, ಕತ್ತರಿಸಿದ ಲೋಹದ ಚೂರು, ಅಂದರೆ ಚಿಪ್ಸ್ ತುಂಬುವ ಟ್ರಾಲಿಯ ಕೆಳಗೆ, ಒಂದು ಗೋಣಿಚೀಲ ಸಿಕ್ಕಿತು. ತುಂಬ ಕೆಟ್ಟ ಪೀಸುಗಳು. ಯಾವ ಲೆಕ್ಕದಲ್ಲೂ ಇಲ್ಲದವು. ಶಿಫ್ಟ್ ಡೈರಿ ತೆಗೆದು ನೋಡಿದೆವು. ಒಬ್ಬ ಸೂಪರ್‌ವೈಸರ್ ಇದ್ದ ದಿನಗಳಲ್ಲಿ ರಿಜೆಕ್ಷನ್ ಸೊನ್ನೆ. ದಿನವೂ ಸೊನ್ನೆ. ಬೈಗುಳಕ್ಕೆ ಹೆಸರಾದವರು ಅವರು. ಅವರ ಶಿಫ್ಟ್ ನೋಡಿ ಕಲಿಯಿರಿ ಅಂತ ಮೀಟಿಂಗ್‌ನಲ್ಲಿ ನಮಗೆ ಹೇಳುತ್ತಿದ್ದರು. ಆ ಚೀಲದಲ್ಲಿದ್ದ ಪೀಸುಗಳಲ್ಲಿ ಅರ್ಧಕ್ಕರ್ಧ ಒಂದೇ ತಪ್ಪು: ಕ್ಲ್ಯಾಂಪ್ ಕೆಳಗೆ ಚಿಪ್ ಸಿಕ್ಕಿ ಪೀಸು ಓರೆಯಾಗಿ ಕೂತದ್ದು. ಮೊದಲ ದಿನವೇ ಯಾರಾದರೂ ಹೇಳಿದ್ದರೆ ಗಾಳಿ ಊದುವ ಒಂದು ನಾಝಲ್ ಹಾಕಿ ಮುಗಿಸಬಹುದಿತ್ತು. ಹೇಳಿದವನಿಗೆ ಸಿಗುತ್ತಿದ್ದದ್ದು ಬೈಗುಳ. ಬಚ್ಚಿಟ್ಟವನಿಗೆ ಏನೂ ಆಗುತ್ತಿರಲಿಲ್ಲ. ನಾನಾಗಿದ್ದರೂ ಬಚ್ಚಿಡುತ್ತಿದ್ದೆ.

ಶೂಹಾರ್ಟ್ ಚಿತ್ರ ಬರೆದ ಅದೇ 1924ರಲ್ಲಿ ಜಪಾನಿನಲ್ಲಿ ಸಾಕಿಚಿ ಟೊಯೋಡ ಅವರ ಜಿ ಮಾದರಿಯ ಮಗ್ಗ ಬಂತು. ನೂಲು ಕಡಿದರೆ ಅದು ತಾನೇ ನಿಲ್ಲುತ್ತಿತ್ತು. ಕಡಿದ ನೂಲಿನಲ್ಲಿ ಗಜಗಟ್ಟಲೆ ಕೆಟ್ಟ ಬಟ್ಟೆ ನೇಯುವ ಬದಲು ನಿಂತು ಕರೆಯುವುದು. ಅವರ ಮಗ ಕೀಚಿರೊ ಮುಂದೆ ಕಾರು ಮಾಡಲು ಹೊರಟಾಗ ಈ ಯೋಚನೆಯೂ ಜೊತೆಗೆ ಹೋಯಿತು. ಟೊಯೋಟಾದ ಅಸೆಂಬ್ಲಿ ಲೈನ್‌ನಲ್ಲಿ ಕೆಲಸಗಾರ ಎಳೆಯುವ ಹಗ್ಗ ಹೆಸರುವಾಸಿ. ಎಳೆದರೆ ದೀಪ ಹತ್ತುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾರೆ, ಅಲ್ಲೇ ಬಗೆಹರಿಯದಿದ್ದರೆ ಲೈನ್ ನಿಲ್ಲುತ್ತದೆ. ಇದನ್ನು ನೋಡಿ ಬಂದ ಎಷ್ಟೋ ಕಾರ್ಖಾನೆಗಳು ಹಗ್ಗ ಕಟ್ಟಿವೆ. ನಮ್ಮಲ್ಲೂ ಒಂದು ಕೆಂಪು ದೀಪ ಹಾಕಿದರು. ಮೊದಲ ಸಲ ಹತ್ತಿದಾಗ ಬಂದ ಮ್ಯಾನೇಜರ್ ಕೇಳಿದ ಮಾತು, "ಯಾರು ಒತ್ತಿದ್ದು?" ಆಮೇಲೆ ಬಹಳ ದಿನ ಆ ದೀಪ ಹತ್ತಲಿಲ್ಲ.

ತಪ್ಪನ್ನು ಬಚ್ಚಿಡಲು ಗೋಣಿಚೀಲವೇ ಬೇಕು ಅಂತಿಲ್ಲ. ಒಳ್ಳೆ ಪೀಸುಗಳ ರಾಶಿಯೂ ಸಾಕು. ಮೊದಲ ಮೆಷಿನ್‌ಗೂ ಮುಂದಿನ ಮೆಷಿನ್‌ಗೂ ನಡುವೆ ನಮ್ಮಲ್ಲಿ ಸದಾ 600 ಪೀಸು ಬಿದ್ದಿರುತ್ತಿದ್ದವು. ದಿನಕ್ಕೆ 100 ಪೀಸು ಹೋಗುತ್ತದೆ ಅಂದರೆ ಇವತ್ತು ಆದ ಪೀಸು ಮುಂದಿನ ಮೆಷಿನ್ ಕಾಣುವುದು ಆರು ದಿನ ಕಳೆದ ಮೇಲೆ. ಇವತ್ತಿನ ತಪ್ಪು ಗೊತ್ತಾಗುವುದೂ ಆಗಲೇ. ಅಷ್ಟರಲ್ಲಿ ಅದೇ ತಪ್ಪಿನ 600 ಪೀಸು ತಯಾರಾಗಿರುತ್ತದೆ. ಆ ದಿನ ಏನಾಯಿತು ಅಂತ ಯಾರಿಗೆ ನೆನಪಿರುತ್ತದೆ? ರಾಶಿ ಇದ್ದರೆ ನೆಮ್ಮದಿ ಅಂದುಕೊಂಡಿದ್ದೆ. ರಾಶಿಯನ್ನು 50ಕ್ಕೆ ಇಳಿಸಿದಾಗ ಮೊದಲು ಗಲಾಟೆಯೇ ಗಲಾಟೆ. ಒಂದು ಮೆಷಿನ್ ನಿಂತರೆ ಮುಂದಿನದೂ ನಿಲ್ಲುತ್ತಿತ್ತು. ಮೇಂಟೆನೆನ್ಸ್‌ನವರು ನನ್ನನ್ನು ಶಪಿಸಿರಬೇಕು. ಆದರೆ ತಪ್ಪು ಅರ್ಧ ದಿನದಲ್ಲಿ ಕೈಗೆ ಸಿಗತೊಡಗಿತು. ಅದೂ ಮಾಡಿದವರು ಇನ್ನೂ ಶಿಫ್ಟ್‌ನಲ್ಲಿ ಇರುವಾಗಲೇ.

ಹೆಸರಿಡುವುದರ ಬಗ್ಗೆ ಒಂದು ಕತೆ ನನಗೆ ಬಹಳ ಇಷ್ಟ. 1961ರಲ್ಲಿ ಶಿಗೆಯೊ ಶಿಂಗೊ ಅನ್ನುವ ಎಂಜಿನಿಯರ್ ಯಮಡಾ ಎಲೆಕ್ಟ್ರಿಕ್ ಕಾರ್ಖಾನೆಗೆ ಹೋಗಿದ್ದರು. ಅಲ್ಲಿ ಒಂದು ಸಣ್ಣ ಸ್ವಿಚ್. ಎರಡು ಬಟನ್, ಪ್ರತಿ ಬಟನ್ ಕೆಳಗೆ ಒಂದು ಸ್ಪ್ರಿಂಗ್. ಕೆಲವೊಮ್ಮೆ ಒಂದು ಸ್ಪ್ರಿಂಗ್ ಹಾಕುವುದೇ ಮರೆತುಹೋಗುತ್ತಿತ್ತು. ಹುಷಾರಾಗಿರಿ ಅಂತ ಎಷ್ಟು ಹೇಳಿದರೂ ಅಷ್ಟೇ. ಶಿಂಗೊ ಮಾಡಿಸಿದ್ದಿಷ್ಟು: ಮೊದಲು ಡಬ್ಬದಿಂದ ಎರಡು ಸ್ಪ್ರಿಂಗ್ ತೆಗೆದು ಪುಟ್ಟ ತಟ್ಟೆಯಲ್ಲಿಡಿ, ಆಮೇಲೆ ಜೋಡಿಸಿ. ಕೊನೆಗೆ ತಟ್ಟೆಯಲ್ಲಿ ಸ್ಪ್ರಿಂಗ್ ಉಳಿದಿದ್ದರೆ ಹಾಕಿಲ್ಲ ಅಂತ ಆಗಲೇ ಗೊತ್ತಾಗುತ್ತದೆ. ಈ ಬಗೆಯ ಉಪಾಯಗಳಿಗೆ ಮೊದಲು ಇದ್ದ ಹೆಸರು 'ಬಾಕಾ-ಯೊಕೆ'. ಪೆದ್ದರಿಂದ ತಪ್ಪು ಆಗದಂತೆ ತಡೆಯುವುದು ಅಂತ. ಇನ್ನೊಂದು ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರ್ತಿ, ನಾನೇನು ಅಷ್ಟು ಪೆದ್ದಿಯೇ ಅಂತ ಅತ್ತುಬಿಟ್ಟಳಂತೆ. 1963ರಲ್ಲಿ ಶಿಂಗೊ ಹೆಸರನ್ನೇ ಬದಲಿಸಿದರು. 'ಪೋಕಾ-ಯೊಕೆ'. ಪೋಕಾ ಅಂದರೆ ಕೈತಪ್ಪು, ಯಾರಿಗಾದರೂ ಆಗುವಂಥದ್ದು.

ನಮ್ಮ ಫಾರ್ಮ್‌ನಲ್ಲಿ ಆಗಬೇಕಾಗಿದ್ದದ್ದೂ ಇಂಥದ್ದೇ ಬದಲಾವಣೆ. ಬಹಳ ಸಲ ಕೇಳಿದ ಮೇಲೆ 'ಜವಾಬ್ದಾರಿ' ಖಾನೆ ತೆಗೆದರು. ಬದಲಿಗೆ 'ಐದು ಯಾಕೆ' ಬಂತು. ಯಾಕೆ ಆಯಿತು, ಅದು ಯಾಕೆ, ಅದೂ ಯಾಕೆ, ಹೀಗೆ ಐದು ಸಲ. ಖುಷಿಯಾಯಿತು. ತಿಂಗಳು ಕಳೆದು ತೆಗೆದು ನೋಡಿದರೆ ಐದನೇ ಯಾಕೆಗೆ ಉತ್ತರ, 'ಆಪರೇಟರ್ ಗಮನ ಕೊಡಲಿಲ್ಲ'. ಗೋಡೆಗೆ 'ಶೂನ್ಯ ದೋಷವೇ ನಮ್ಮ ಗುರಿ' ಅಂತ ಪೋಸ್ಟರ್ ಬೇರೆ ಬಂತು. ಆ ಪೋಸ್ಟರ್ ಬಗ್ಗೆ ಏನೂ ಹೇಳದಿರುವುದೇ ವಾಸಿ.

ಸುರಕ್ಷತೆಯ ವಿಷಯದಲ್ಲಿ ಇದೇ ಚಾಳಿ ನೋಡಿ ನಿಜಕ್ಕೂ ಹೆದರಿದ್ದೇನೆ. ಮೆಷಿನ್ ಬಾಗಿಲಿಗೆ ಒಂದು ನಾಲಿಗೆಯಂಥ ಕೀ ಇರುತ್ತದೆ. ಬಾಗಿಲು ಮುಚ್ಚಿದಾಗ ಅದು ಸ್ವಿಚ್ ಒಳಗೆ ಹೋಗುತ್ತದೆ, ಆಗಷ್ಟೇ ಸ್ಪಿಂಡಲ್ ತಿರುಗುವುದು. ಒಂದು ಮೆಷಿನ್‌ನಲ್ಲಿ ಬೇರೊಂದು ಬಿಡಿ ಕೀ ಸಿಕ್ಕಿಸಿಟ್ಟಿದ್ದರು. ಬಾಗಿಲು ತೆರೆದೇ ಓಡುತ್ತಿತ್ತು. ಕಂಡದ್ದು ಪುಣ್ಯ, ಯಾರಿಗೂ ಏನೂ ಆಗಿರಲಿಲ್ಲ. ಕೀ ಕಿತ್ತುಕೊಂಡರು, ಆಪರೇಟರ್‌ಗೆ ಮೆಮೊ ಕೊಟ್ಟರು. ವಾರ ಕಳೆಯುವುದರೊಳಗೆ ಇನ್ನೊಂದು ಕೀ. ಆಗ ಹೋಗಿ ಅರ್ಧ ಶಿಫ್ಟ್ ಪಕ್ಕದಲ್ಲೇ ನಿಂತೆ. ಉದ್ದದ ಸುರುಳಿ ಚಿಪ್ಸ್ ಟೂಲ್‌ಗೆ ಸುತ್ತಿಕೊಳ್ಳುತ್ತಿದ್ದವು. ಪ್ರತಿ ಹತ್ತು ನಿಮಿಷಕ್ಕೆ ನಿಲ್ಲಿಸಿ, ತೆರೆದು, ಕೊಕ್ಕೆಯಿಂದ ಎಳೆದು, ಮುಚ್ಚಿ, ಮತ್ತೆ ಶುರು. ದಿನದ ಗುರಿ ಮಾತ್ರ ಈ ನಿಲುಗಡೆಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಟೂಲ್‌ನ ಕತ್ತರಿಸುವ ತುದಿ (ಇನ್ಸರ್ಟ್) ಬದಲಿಸಿ, ಟೂಲ್ ಮುಂದೆ ಸರಿಯುವ ವೇಗ (ಫೀಡ್) ಸ್ವಲ್ಪ ಏರಿಸಿದ ಮೇಲೆ ಚಿಪ್ಸ್ ತುಂಡಾಗಿ ಬೀಳತೊಡಗಿದವು. ಬಿಡಿ ಕೀಯನ್ನು ಆಪರೇಟರ್ ತಾನೇ ತಂದು ನನ್ನ ಮೇಜಿನ ಮೇಲಿಟ್ಟರು. ಅರ್ಧ ಶಿಫ್ಟ್ ನಿಲ್ಲುವುದಕ್ಕೆ ನನಗೆ ಒಂದು ಮೆಮೊದಷ್ಟು ತಡವಾಗಿತ್ತು.

ಟೊಯೋಟಾದ ತಾಯಿಚಿ ಓನೊ ಹೊಸ ಎಂಜಿನಿಯರ್‌ಗಳಿಗೆ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ವೃತ್ತ ಬರೆದು, ಅದರೊಳಗೆ ನಿಂತು ನೋಡು ಅನ್ನುತ್ತಿದ್ದರಂತೆ. ಗಂಟೆಗಟ್ಟಲೆ. ಏನು ನೋಡಬೇಕು ಅಂತ ಹೇಳುತ್ತಿರಲಿಲ್ಲ. ಮೊದಲು ಕೇಳಿದಾಗ ಇದು ರ‍್ಯಾಗಿಂಗ್ ಥರ ಅನಿಸಿತ್ತು. ಈಗ ಹಾಗನಿಸುವುದಿಲ್ಲ. ಮೊದಲ ಇಪ್ಪತ್ತು ನಿಮಿಷ ನಮಗೆ ಕಾಣುವುದು ಮನುಷ್ಯ ಮಾತ್ರ. ಅವನು ನಿಧಾನ, ಅವನು ಮಾತಾಡುತ್ತಿದ್ದಾನೆ, ಅವನು ಆಚೆ ಹೋದ. ಆಮೇಲೆ ನಿಧಾನಕ್ಕೆ ಬೇರೆಯದು ಕಾಣತೊಡಗುತ್ತದೆ. ಅವನು ಆಚೆ ಹೋದದ್ದು ಗೇಜ್ ತರಲು. ಗೇಜ್ ಮೂರು ಮೆಷಿನ್‌ಗೆ ಒಂದೇ.

ಆ ಕೆಲಸ ಬಿಟ್ಟು ನಾನು ಬೇರೆ ವಿಭಾಗಕ್ಕೆ ಹೋದೆ. ಆ ಹಿರಿಯ ಆಪರೇಟರ್ ನಿವೃತ್ತರಾದರು. ಕೆಲವು ವರ್ಷಗಳ ಮೇಲೆ ಒಂದು ಬೆಳಗ್ಗೆ ಫೋನ್ ಬಂತು. ಹೊಸದಾಗಿ ಸೇರಿದ ಎಂಜಿನಿಯರ್, ಹುಡುಗಿ.

"ಸಾರ್, ಆ 62 ಬೋರ್ ಹೌಸಿಂಗ್ ನೀವು ನೋಡ್ಕೊಳ್ತಿದ್ರಂತೆ ಅಲ್ವಾ? ಬೇರಿಂಗ್ ಕೂರ್ತಿಲ್ಲ. ಆಪರೇಟರ್ ಶೀಟ್‌ನಲ್ಲಿ ಎಲ್ಲಾ ಸರಿ ಇದೆ. ನಮ್ಮ ರೂಮಲ್ಲಿ ನೋಡಿದ್ರೆ ಚಿಕ್ಕದು ಬರ್ತಿದೆ. ಅಳೀದೇ ಬರೀತಿದ್ದಾರೆ ಅನ್ಸುತ್ತೆ."

"ಮೆಷಿನ್ ಪಕ್ಕ ಹನ್ನೆರಡು ಗೂಡಿನ ಒಂದು ಸ್ಟ್ಯಾಂಡ್ ಇರಬೇಕಲ್ಲ?"

ಆಕೆ ಯಾರನ್ನೋ ಕೇಳಿದಳು. ಹಿಂದಿನಿಂದ ಮೆಷಿನ್ ಸದ್ದು, ಯಾರದೋ ಉತ್ತರ.

"ಇತ್ತಂತೆ ಸಾರ್. ಹೋದ ತಿಂಗಳು ಜಾಗ ಖಾಲಿ ಮಾಡುವಾಗ ತೆಗೆದ್ರಂತೆ. ಅದು ಯಾಕಿದೆ ಅಂತ ಯಾರಿಗೂ ಗೊತ್ತಿರಲಿಲ್ಲವಂತೆ."

ಸ್ಟ್ಯಾಂಡ್ ಮಾಡಿಸಿದ ದಿನ ಅದಕ್ಕೊಂದು ಚೀಟಿ ಅಂಟಿಸಿ, ಕಾರಣ ಬರೆದಿಡಬೇಕು ಅಂತ ನನಗೆ ತೋಚಿರಲಿಲ್ಲ. ಎಷ್ಟು ಡಿಗ್ರಿ, ಎಷ್ಟು ಮೈಕ್ರಾನ್, ಯಾಕೆ ಹನ್ನೆರಡು, ಎಲ್ಲ ನನ್ನ ತಲೆಯಲ್ಲಿತ್ತು, ಇನ್ನೊಂದಿಷ್ಟು ಆ ಹಿರಿಯರ ತಲೆಯಲ್ಲಿ.

"ಫಾರ್ಮ್ ತುಂಬಿದ್ರಾ?" ಕೇಳಿದೆ.

"ಇಲ್ಲ ಸಾರ್, ಈಗ ತುಂಬ್ತಿದ್ದೆ."

"ಸ್ವಲ್ಪ ತಡೀರಿ. ಮೆಷಿನ್ ಹತ್ರ ಹೋಗಿ ಒಂದು ಪೀಸು ಕೈಯಲ್ಲಿ ಹಿಡ್ಕೊಳ್ಳಿ. ನಾನು ಬರ್ತಿದ್ದೀನಿ."